ಗೀಟ್‌ಹೋರ್ನಿನ ಕಾಲುವೆ ಊರು ನೋಡಿ ಬಂದೆ. ನಮ್ಮ ಸುರಂಗದ ಊರಿಗೂ ಒಂದು ಮ್ಯೂಸಿಯಂ ಬೇಡವೇ?

ಬೈಲಕರೆ

ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ನೆದರ್‌ಲ್ಯಾಂಡ್ಸಿಗೆ ಹೋಗಿ, ಮೂರು ತಿಂಗಳು ಇದ್ದು, ಕಳೆದ ವಾರ ಕಾಸರಗೋಡಿನ ಪೆರ್ಲಕ್ಕೆ ಮರಳಿದೆವು. ಅಲ್ಲಿ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಲ್ಲುವುದು ಬಿಟ್ಟರೆ ನನಗೆ ಬೇರೆ ಕೆಲಸ ಇರಲಿಲ್ಲ. ನನ್ನ ಅವಸ್ಥೆ ನೋಡಿ ಅಳಿಯ ಒಂದು ಶನಿವಾರ “ಮಾವ, ಯಾವಾಗ ನೋಡಿದ್ರೂ ತೋಟ, ನೀರು ಅಂತೀರಿ, ನಿಮಗೊಂದು ನೀರಿನ ಊರು ತೋರಿಸ್ತೇನೆ” ಅಂತ ಹೊರಡಿಸಿದ. ಊರಿನ ಹೆಸರು ಗೀಟ್‌ಹೋರ್ನ್. ಬರೆಯುವುದು ಹಾಗೆ. ಅವರು ಮೊದಲಕ್ಷರವನ್ನು ಗಂಟಲು ಕೆರೆದುಕೊಂಡ ಹಾಗೆ ಹೇಳುತ್ತಾರೆ, ನನಗೆ ಕೊನೆಯವರೆಗೂ ಬರಲಿಲ್ಲ.

ಹಳೆಯ ಊರಿನೊಳಗೆ ವಾಹನದ ರಸ್ತೆ ಇಲ್ಲ. ನಡುವೆ ಕಾಲುವೆ, ಬದಿಯಲ್ಲಿ ಬಿನೆನ್‌ಪಾಡ್ ಎಂಬ ಕಾಲುದಾರಿ, ನೀರಿನಾಚೆ ಮನೆಗಳು. ಮನೆ ಮನೆಗೂ ಮರದ ಸಂಕ, ಅಂದರೆ ಕಾಲುಸೇತುವೆ. ಊರಿಡೀ ಸೇರಿ 170ಕ್ಕಿಂತ ಹೆಚ್ಚು ಸಂಕಗಳು. ಮಳೆಗಾಲದಲ್ಲಿ ಜಾರುವ ಅಡಿಕೆ ಮರದ ಸಂಕ ದಾಟಿ ಶಾಲೆಗೆ ಹೋದವರಿಗೆ ಅದು ರಾಜಮಾರ್ಗವೇ ಸರಿ. ಅಡಿಯಲ್ಲಿ ದೋಣಿ ನುಸುಳಬೇಕಾದ್ದರಿಂದ ಸಂಕದ ನಡು ಮೇಲಕ್ಕೆ ಬಾಗಿದೆ. ಕಾಲುವೆಯ ಆಳ ಹೆಚ್ಚುಕಡಿಮೆ ಒಂದು ಮೀಟರ್, ಬಿದ್ದರೆ ಮರ್ಯಾದೆ ಹೋದೀತು, ಜೀವ ಹೋಗದು.

ಈ ಕಾಲುವೆಗಳನ್ನು ಯಾರೂ ಚಂದಕ್ಕೆಂದು ತೋಡಿದ್ದಲ್ಲ. ಆ ನೆಲದಲ್ಲಿ ಪೀಟ್ ಎಂಬುದೊಂದು ಇತ್ತು. ಸಾವಿರಾರು ವರ್ಷ ನೀರಿನಲ್ಲಿ ಬಿದ್ದು ಕೊಳೆತೂ ಕೊಳೆಯದ ಹುಲ್ಲು, ಬೇರು, ಪಾಚಿ. ಒಣಗಿಸಿದರೆ ಸೌದೆಯ ಹಾಗೆ ಉರಿಯುತ್ತದೆ. ನೀರಿನ ಅಡಿಯಿಂದ ಅದನ್ನು ಬಾಚಿ ಮೇಲೆತ್ತಿ, ಉದ್ದುದ್ದ ಬಿಟ್ಟ ನೆಲದ ಪಟ್ಟಿಗಳ ಮೇಲೆ ಹರಡಿ, ಕಾಲಿಗೆ ಹಲಗೆ ಕಟ್ಟಿಕೊಂಡು ತುಳಿದು, ಇಟ್ಟಿಗೆಯಾಗಿ ಕತ್ತರಿಸಿ ಒಣಗಿಸುತ್ತಿದ್ದರು. ಆ ಇಟ್ಟಿಗೆ ಪೇಟೆಗೆ ಹೋಗಬೇಕಾದರೆ ದೋಣಿ ಬೇಕು, ದೋಣಿಗೆ ಕಾಲುವೆ ಬೇಕು. ಆಸೆಗೆ ಬಿದ್ದು ಒಣಗಿಸುವ ಪಟ್ಟಿಯನ್ನೂ ಅಗಲ ಕಡಿಮೆ ಮಾಡುತ್ತಾ ಹೋದರು. 1776ರಲ್ಲೂ 1825ರಲ್ಲೂ ಬಂದ ನೆರೆಗೆ ಆ ತೆಳು ಪಟ್ಟಿಗಳು ಕೊಚ್ಚಿಹೋಗಿ ಹೊಂಡಗಳೆಲ್ಲ ಒಂದಾಗಿ ದೊಡ್ಡ ಸರೋವರಗಳಾದವು. ಪಕ್ಕದ ಬ್ಯೂಲಾಕೆ ಎಂಬ ಹಳ್ಳಿ 1776ರಲ್ಲಿ ಮುಳುಗಿದ್ದು ಮತ್ತೆ ಏಳಲಿಲ್ಲ.

ಅಲ್ಲಿಯ ಮ್ಯೂಸಿಯಂ ಅಂದರೆ ಒಂದು ರೈತನ ಮನೆ. ಹೆಸರು ಓಲ್ಡೆ ಮಾಟ್ ಊಸ್. ಸುಮಾರು 1900ರ ಹೊತ್ತಿಗೆ ಜನ ಹೇಗೆ ಬದುಕಿದ್ದರೋ ಹಾಗೆಯೇ ಮನೆಯನ್ನು ಇಟ್ಟಿದ್ದಾರೆ. ಕಪಾಟಿನಂಥ ಗೂಡಿನೊಳಗೆ ಹಾಸಿಗೆ. ಮನೆಯ ಹಿಂಭಾಗ ಮುಂಭಾಗಕ್ಕಿಂತ ಎತ್ತರ, ಹುಲ್ಲು ಹೆಚ್ಚು ತುಂಬಲು ಹಾಗೆ ಕಟ್ಟಿದ್ದು. ಅದಕ್ಕೆ ಅವರು ಒಂಟೆಬೆನ್ನಿನ ಮಾಡು ಅನ್ನುತ್ತಾರೆ. ಆ ಊರಲ್ಲಿ ಕೊಟ್ಟಿಗೆಯ ಅಡಿಗೇ ನೀರು ಬಿಟ್ಟುಕೊಂಡು ದೋಣಿಯನ್ನು ಒಳಗೇ ತರುತ್ತಿದ್ದರಂತೆ. ದನಗಳೂ ದೋಣಿಯಲ್ಲೇ ಮೇಯಲು ಹೋಗುತ್ತಿದ್ದವು.

ಗೋಡೆಯಲ್ಲಿ ಉದ್ದದ ಕೋಲಿನ ತುದಿಗೆ ಕಬ್ಬಿಣದ ಬಳೆ, ಬಳೆಗೆ ಬಲೆ ಕಟ್ಟಿದ ಸಲಕರಣೆಯೊಂದು ಇತ್ತು. ಪೀಟ್ ಬಾಚುವುದು ಅದರಲ್ಲೇ. ನಾನು ಅದನ್ನೇ ನೋಡುತ್ತಾ ನಿಂತದ್ದು ಕಂಡು ಅಲ್ಲಿದ್ದ ಅಜ್ಜ ಒಬ್ಬರು ಬಂದರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಅವರು ದೋಣಿಯ ಅಂಚಿನಲ್ಲಿ ನಿಂತ ಹಾಗೆ ಕಾಲು ಅಗಲಿಸಿ, ಸೊಂಟ ತಿರುಗಿಸಿ, ಕೆಸರಿನ ಭಾರಕ್ಕೆ ಮುಖ ಕಿವುಚಿ ತೋರಿಸಿದರು. ಥೇಟ್ ನಮ್ಮ ಯಕ್ಷಗಾನದ ಹಾಗೆ. ಎಲ್ಲ ಅರ್ಥ ಆಯ್ತು.

ಆ ಕ್ಷಣ ನೆನಪಾದದ್ದು ನಮ್ಮ ಅಟ್ಟದಲ್ಲಿ ಬಿದ್ದಿರುವ ಗಿಡ್ಡ ಕಾವಿನ ಪಿಕ್ಕಾಸು. ಅಪ್ಪನ ಕಾಲದಲ್ಲಿ ನಮ್ಮ ಗುಡ್ಡೆಯಲ್ಲಿ ನೀರಿಗೆಂದು ಅಡ್ಡಲಾಗಿ ಮೂರು ಸುರಂಗ ತೋಡಿಸಿದ್ದು ಅದರಲ್ಲೇ. ಎರಡು ಬತ್ತಿವೆ. ಒಂದರ ನೀರು ಇವತ್ತಿಗೂ ಕರೆಂಟಿಲ್ಲದೆ ನಮ್ಮ ಅಡಿಗೆಮನೆಯ ಹಿಂದಿನ ತೊಟ್ಟಿಗೆ ಬಂದು ಬೀಳುತ್ತದೆ. ಪಡ್ರೆ, ಬಾಯಾರು, ಎಣ್ಮಕಜೆ ಕಡೆಯಲ್ಲಿ ಇಂಥ ಸುರಂಗಗಳು ಎಷ್ಟೋ. ಇಷ್ಟಿದ್ದೂ ಹೊರಗಿನವರು ಬಂದು “ಸುರಂಗ ಅಂದ್ರೇನು, ಎಲ್ಲಿ ನೋಡಬಹುದು” ಅಂದರೆ ಕೈ ತೋರಿಸಲು ಒಂದು ಜಾಗ ಇಲ್ಲ. ಒಂದು ಹಳೆ ಮನೆ, ಒಂದಷ್ಟು ಸಲಕರಣೆ, ಹೇಳಲಿಕ್ಕೆ ಒಬ್ಬ ಅಜ್ಜ. ಇಷ್ಟು ಸಾಕಲ್ಲವೇ? ಎಂತ ಹೇಳ್ತೀರಿ?

ಹಾಳೆಮುಟ್ಟಾಳೆ

ಮಾಷ್ಟ್ರೇ, ಬಂದದ್ದೇ ಶುರು ಮಾಡಿದಿರಿ! ಮೊಮ್ಮಗುವಿನ ಫೋಟೋ ಹಾಕಿ ಮೊದಲು.

ಆ ಊರಿನ ಹೆಸರಿನ ಬಗ್ಗೆ ನಾನೂ ಸ್ವಲ್ಪ ಓದಿದ್ದೆ. 1170ರ ದೊಡ್ಡ ನೆರೆಯಲ್ಲಿ ಸತ್ತ ಕಾಡಾಡುಗಳ ಕೊಂಬುಗಳು ಮೊದಲು ಬಂದು ನೆಲೆಸಿದವರಿಗೆ ಕೆಸರಿನಲ್ಲಿ ಸಿಕ್ಕಿದವಂತೆ, ಅದಕ್ಕೆ ‘ಆಡಿನ ಕೋಡು’ ಅಂತ ಹೆಸರು. ಅಂದರೆ ಅವರದ್ದು ಗೀಟ್-ಕೋಡು, ನಮ್ಮದು ಕಾಸರ-ಕೋಡು. ನೆಂಟಸ್ತಿಕೆ ಅಲ್ಲಿಂದಲೇ ಉಂಟು!

ಕುಂಬಳೆ ಸೀಮೆ

ಹಾಳೆಮುಟ್ಟಾಳೆ, ನಮ್ಮ ಕೋಡಿಗೆ ಕೊಂಬು ಅಂತ ಯಾರೂ ಅರ್ಥ ಹೇಳಿಲ್ಲ ಮಾರಾಯ. ಕಾಸರಕನ ಮರ ಅಂತ ಒಬ್ಬರು, ಕಾಸಾರ ಅಂದರೆ ಸರೋವರ ಅಂತ ಇನ್ನೊಬ್ಬರು. ಆದರೂ ಜೋಕು ಲಾಯಕ್ಕಿದೆ.

ಗಡಿನಾಡ ಹುಡುಗ

ಮಾವ, ಅಕ್ಕ ರಾಟರ್‌ಡ್ಯಾಮಿನಲ್ಲಿದ್ದಾಳೆ, ಬರುವ ಮೇ ತಿಂಗಳು ಹೋಗುವವನಿದ್ದೇನೆ. ಕಾರಿಲ್ಲದೆ ಹೋಗಬಹುದಾ? ಪೂರ್ತಿ ಒಂದು ದಿನ ಬೇಕಾ? ಸಸ್ಯಾಹಾರ ಸಿಗ್ತದಾ?

ಬೈಲಕರೆ

ಧಾರಾಳ. ರೈಲಿನಲ್ಲಿ ಸ್ಟೇನ್ವೈಕ್ ಅಂತ ಸ್ಟೇಷನ್‌ಗೆ ಹೋಗು, ಅಲ್ಲಿಂದ 70ನೇ ನಂಬರ್ ಬಸ್ಸು. ಊಟಕ್ಕೆ ಪನ್ನೆಕೂಕ್ ಅಂತ ಒಂದುಂಟು, ದೊಡ್ಡ ತಟ್ಟೆಯ ಅಗಲಕ್ಕೆ ಮೈದಾ ದೋಸೆ ಅಂದುಕೋ. ಮೊಟ್ಟೆ ಹಾಕಿರ್ತಾರೆ, ಕೇಳಿಕೊಂಡು ತಿನ್ನು. ನಾವು ಬುತ್ತಿ ಕಟ್ಟಿಕೊಂಡು ಹೋಗಿದ್ದೆವು, ನಿನ್ನ ಅತ್ತೆಯ ಪುಳಿಯೋಗರೆ ಡಚ್ ಬಾತುಕೋಳಿಗಳಿಗೂ ರುಚಿಸಿತು.

ಶನಿವಾರ, ಆದಿತ್ಯವಾರ ಮಾತ್ರ ಬೇಡ. ಹನ್ನೊಂದು ಗಂಟೆಯ ಮೇಲೆ ಕಾಲುವೆಯಲ್ಲಿ ದೋಣಿಗೆ ದೋಣಿ ತಾಗಿ ಬದಿಯಡ್ಕ ಪೇಟೆಯ ಸಂಜೆಯ ಹಾಗೆ ಆಗ್ತದೆ. ಮೊದಲು ಉದ್ದದ ಗಳ ಊರಿ ನೂಕುವ ಪುಂಟರ್ ಎಂಬ ದೋಣಿಯೇ ಇದ್ದದ್ದು. ಈಗ ಬಾಡಿಗೆಗೆ ಸಿಗುವುದು ಬ್ಯಾಟರಿಯ ದೋಣಿ, ಸದ್ದಿಲ್ಲ, ‘ಪಿಸುಮಾತಿನ ದೋಣಿ’ ಅಂತ ಹೆಸರು. ಯಾರಿಗೆ ಬೇಕಾದರೂ ಕೊಡ್ತಾರೆ, ಓಡಿಸಲು ಬಾರದವರೇ ಹೆಚ್ಚು. ಅಳಿಯನೂ ಎರಡು ಸಲ ದಂಡೆಗೆ ಗುದ್ದಿದ.

ಅದೇ ದಾರಿಯಲ್ಲಿ ಕಲ್ಲು-ಹರಳಿನ ಮ್ಯೂಸಿಯಂ ಒಂದುಂಟು, ಔಡೆ ಆರ್ಡೆ ಅಂತ. ಹರಳು ಹೊಳೆಯುತ್ತದೆ, ಮಕ್ಕಳಿಗೆ ಖುಷಿ. ಆದರೆ ಆ ಕಲ್ಲುಗಳು ಆ ಊರಿನವೇ ಅಲ್ಲವಲ್ಲ. ನನಗೆ ಮನಸ್ಸು ನಿಂತದ್ದು ರೈತನ ಮನೆಯಲ್ಲೇ.

ಮುರಕಲ್ಲು

ನನ್ನದು ವಿರುದ್ಧ ಅಭಿಪ್ರಾಯ, ಬೇಜಾರು ಮಾಡಬೇಡಿ.

ನಮ್ಮದು ಬಾಯಾರಿನ ಹತ್ತಿರ. ಮನೆಯ ಹಿಂದೆ ಸುರಂಗ ಉಂಟು, ಕುಡಿಯಲಿಕ್ಕೂ ತೋಟಕ್ಕೂ ಅದೇ. ಎರಡು ವರ್ಷದ ಹಿಂದೆ ಒಂದು ಕಾಲೇಜಿನವರು ಬಸ್ಸು ಮಾಡಿಕೊಂಡು ಬಂದರು. ಮೊದಲೇ ಫೋನು ಮಾಡಿ ಕೇಳಿದ್ದರು, ಆಗಲಿ ಅಂದಿದ್ದೆ. ನಲವತ್ತು ಮಕ್ಕಳು. ಚಪ್ಪಲಿ, ಶೂ ಹಾಕಿಕೊಂಡೇ ಒಳಗೆ ನುಗ್ಗಿದರು. ಬಾವಲಿ ಹಾರಿತು ಅಂತ ಕಿರುಚಿಕೊಂಡು ಹಿಂದೆ ಓಡಿ ಬರುವಾಗ ಒಳಗೆ ನೀರು ನಿಲ್ಲಿಸಲು ಮಣ್ಣಿನಲ್ಲಿ ಕಟ್ಟಿದ ಸಣ್ಣ ಕಟ್ಟವನ್ನು ತುಳಿದು ಒಡೆದರು. ಮೂರು ದಿನ ಕೆಂಪು ನೀರು. ಕೆರೆಯಲ್ಲಿ ಕುರುಕುರೆ ಪ್ಯಾಕೆಟ್ ತೇಲುತ್ತಿತ್ತು. ಹೋಗುವಾಗ ಮೇಷ್ಟ್ರು “ತುಂಬಾ ಮಾಹಿತಿಪೂರ್ಣವಾಗಿತ್ತು” ಅಂದರು.

ಅದು ನೋಡುವ ವಸ್ತು ಅಲ್ಲ, ನಮ್ಮ ಕುಡಿಯುವ ನೀರು. ನೀವು ಹೇಳಿದ ಊರಿನಲ್ಲಿ ಪೀಟ್ ತೆಗೆಯುವುದು ನಿಂತು ಹೋಗಿ ಕಾಲುವೆ ಪ್ರವಾಸಿಗಳಿಗೆ ಬಿಟ್ಟದ್ದು. ಕೆಲಸ ಮುಗಿದದ್ದಕ್ಕೆ ಮ್ಯೂಸಿಯಂ ಮಾಡಬಹುದು. ನಮ್ಮದು ಇನ್ನೂ ಕೆಲಸ ಮಾಡ್ತಾ ಉಂಟು.

ಬೈಲಕರೆ

ಬೇಜಾರು ಎಂತದ್ದು, ನೀವು ಹೇಳಿದ್ದು ನ್ಯಾಯ. ಅಲ್ಲಿಯವರಿಗೂ ಅದೇ ತಲೆನೋವು. ಮೂರು ಸಾವಿರದೊಳಗೆ ಜನ ಇರುವ ಊರು, ಬರುವವರು ವರ್ಷಕ್ಕೆ ಲಕ್ಷಗಟ್ಟಲೆ. 1958ರಲ್ಲಿ ಒಂದು ಡಚ್ ಸಿನಿಮಾ ಅಲ್ಲಿ ತೆಗೆದ ಮೇಲೆ ಊರಿಗೆ ಹೆಸರು ಬಂತು, ಹೆಸರಿನ ಹಿಂದೆ ಜನ ಬಂದರು. ಸಂಕಗಳ ಬಾಯಲ್ಲಿ ‘ಖಾಸಗಿ’ ಅಂತ ಬೋರ್ಡು ಹಾಕಿದ್ದನ್ನು ನಾನೇ ಕಂಡೆ. ಒಬ್ಬಳು ಹೆಂಗಸು ತನ್ನ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು, ದೋಣಿಯವರೆಲ್ಲ ಅವಳ ಫೋಟೋ ತೆಗೆಯುತ್ತಿದ್ದರು. ನಾನೂ ಮೊಬೈಲ್ ಎತ್ತಿದವನು ಕೆಳಗಿಟ್ಟೆ.

ಅದಕ್ಕೇ ನಾನು ಹೇಳಿದ್ದು ನೀರು ಹರಿಯುವ ಸುರಂಗವನ್ನು ತೋರಿಸುವ ಮಾತಲ್ಲ, ಮನೆಯ ಮಾತು. ನಮ್ಮದೇ ಬತ್ತಿದ ಎರಡು ಉಂಟಲ್ಲ.

ಕುಂಬಳೆ ಸೀಮೆ

ಬತ್ತಿದ ಸುರಂಗ ತೋರಿಸುವುದು ಇನ್ನೂ ಅಪಾಯ ಮಾಷ್ಟ್ರೇ. ನನಗೆ ಮಣ್ಣಿನ ಕೆಲಸದ ಸ್ವಲ್ಪ ಅನುಭವ ಇರುವುದರಿಂದ ಹೇಳ್ತೇನೆ.

ನಮ್ಮ ಸುರಂಗ ನಿಂತಿರುವುದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗಟ್ಟಿತನದ ಮೇಲೆ. ಅಗಲ ಎರಡು, ಎರಡೂವರೆ ಅಡಿ, ಎತ್ತರ ಒಂದು ಆಳು. ಕಲ್ಲು ಕಟ್ಟುವುದಿಲ್ಲ, ಕಂಬ ಕೊಡುವುದಿಲ್ಲ, ಮೇಲಿನ ಗುಡ್ಡೆಯ ಭಾರವನ್ನು ಆ ಮಣ್ಣೇ ಹೊರಬೇಕು. ಗುಡ್ಡೆಯ ತಲೆಯಲ್ಲಿ ಇಂಗಿದ ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಕೆಳಗಿನ ಬಿಗಿ ಪದರದ ಮೇಲೆ ಜಿನುಗುತ್ತದೆ. ಅಡ್ಡಲಾಗಿ ಕೊರೆದು ಆ ಜಿನುಗನ್ನು ಮುಟ್ಟಿದರೆ ನೀರು ತಾನೇ ಹೊರಗೆ ಬರುತ್ತದೆ. ನಡುವೆ ಶೇಡಿ ಮಣ್ಣು ಸಿಕ್ಕಿತೋ, ಕೆಲಸ ನಿಲ್ಲಿಸಬೇಕು, ಅದು ಒದ್ದೆಯಾದರೆ ಜಾರುತ್ತದೆ, ಕುಸಿಯುತ್ತದೆ. ಒಳಗೆ ಹೋದ ಹಾಗೆ ಗಾಳಿ ಕಡಿಮೆ. ಹಿಂದಿನವರು ದೀಪ ಅಥವಾ ಮೋಂಬತ್ತಿ ಹಿಡಿದುಕೊಂಡೇ ಹೋಗುತ್ತಿದ್ದರು. ಬೆಳಕಿಗೆ ಎಷ್ಟೋ ಅಷ್ಟೇ ಗಾಳಿಯ ಪರೀಕ್ಷೆಗೆ. ದೀಪ ಕುಂದಿದರೆ ಹಿಂದೆ ಬಾ ಅಂತ ಲೆಕ್ಕ. ವರ್ಷಗಟ್ಟಲೆ ಮುಚ್ಚಿದ ಸುರಂಗಕ್ಕೆ ಮೊಬೈಲ್ ಟಾರ್ಚ್ ಹಿಡಿದು ನುಗ್ಗುವವನಿಗೆ ಈ ಸೂಚನೆಯೇ ಸಿಗುವುದಿಲ್ಲ.

ಇನ್ನೊಂದು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಉಂಟು, ಅದನ್ನೂ ಸುರಂಗ ಬಾವಿ ಅನ್ನುತ್ತಾರೆ. ವಿಜಯಪುರದಲ್ಲಿ ಆದಿಲ್‌ಶಾಹಿಗಳ ಸುರಂಗ ಬಾವಡಿ ಉಂಟು. ಅಲ್ಲಿ ಸಾಲಾಗಿ ಬಾವಿಯಂಥ ಗುಂಡಿ ತೋಡಿ, ಅಡಿಯಲ್ಲಿ ಒಂದನ್ನೊಂದು ಕೂಡಿಸಿದ್ದಾರೆ. ಸುಲ್ತಾನರ ಖಜಾನೆಯಿಂದ, ಊರಿಗೆ ಊರೇ ಕುಡಿಯಲೆಂದು. ನಮ್ಮದರ ಹಿಂದೆ ರಾಜನಿಲ್ಲ, ಶಾಸನವಿಲ್ಲ. ಒಂದು ಮನೆಯವರು, ಇಬ್ಬರು ಕೆಲಸದವರು, ಕೋಲಿಗೆ ಇಷ್ಟು ಅಂತ ಕೂಲಿ. ಕೋಲು ಅಂದರೆ ಸುಮಾರು ಎರಡೂವರೆ ಅಡಿ, ಈಗಿನ ಹುಡುಗರಿಗೆ ಹೇಳಬೇಕಾಗ್ತದೆ. ರಾಜರ ಕೆಲಸಕ್ಕೆ ಪುರಾತತ್ವ ಇಲಾಖೆಯ ನೀಲಿ ಬೋರ್ಡು ಸಿಗ್ತದೆ. ಬೇಕಲ ಕೋಟೆಗೆ ಸಿಕ್ಕಿದೆ. ಕೋಲಿನ ಲೆಕ್ಕದ ಕೆಲಸಕ್ಕೆ ಯಾರು ಬೋರ್ಡು ಹಾಕ್ತಾರೆ?

ತೋಡಿನಾಚೆ

ಇಷ್ಟು ಹೊತ್ತು ಓದಿದೆ. ಎಲ್ಲರೂ ಪಿಕ್ಕಾಸು, ತೋಡಿದವರು, ತೋಡಿಸಿದವರು ಅಂತ ಹೇಳ್ತಿದ್ದೀರಿ. ತೋಡಿದ ಮಣ್ಣು ಹೊರಗೆ ಹೇಗೆ ಬಂತು ಅಣ್ಣಂದಿರೇ? ನಮ್ಮಜ್ಜಿ ಹೆಡಗೆಯಲ್ಲಿ ಹೊತ್ತದ್ದು. ಒಳಗೆ ಇಬ್ಬರು ಎದುರು ಬದುರು ದಾಟಲಿಕ್ಕೆ ಜಾಗ ಇಲ್ಲ, ಅದಕ್ಕೆ ಖಾಲಿ ಹೆಡಗೆ ಹಿಡಿದುಕೊಂಡು ಸುರಂಗದ ಬಾಯಲ್ಲಿ ಕಾಯಬೇಕು, ಒಳಗಿನವಳು ಬಂದ ಮೇಲೆ ಹೋಗಬೇಕು. ಸೊಂಟ ಬಗ್ಗಿಸಿ ಬಗ್ಗಿಸಿ ಅಜ್ಜಿ ಕೊನೆಗೆ ನೆಟ್ಟಗೆ ನಿಂತದ್ದನ್ನು ನಾನು ಕಂಡಿಲ್ಲ. ಮ್ಯೂಸಿಯಂ ಮಾಡುವುದಾದರೆ ಹೆಡಗೆಯೂ ಇರಲಿ.

ಮತ್ತೆ ದಂಬೆ. ಸುರಂಗದ ಬಾಯಿಯಿಂದ ಕೆರೆಗೆ, ಕೆರೆಯಿಂದ ತೋಟಕ್ಕೆ ನೀರು ಬರುತ್ತಿದ್ದದ್ದು ಅಡಿಕೆ ಮರವನ್ನು ಉದ್ದಕ್ಕೆ ಸೀಳಿ ತಿರುಳು ತೆಗೆದ ದಂಬೆಯಲ್ಲಿ. ಒಂದರ ಬಾಯಿಗೆ ಇನ್ನೊಂದರ ತಲೆ ಕೂಡಿಸಿ, ಕವೆಗೋಲಿನ ಮೇಲೆ ಕೂರಿಸಿ, ಎಲ್ಲಿಯೂ ಚೆಲ್ಲದ ಹಾಗೆ ಇಳಿಜಾರು ನೋಡಿ ಇಡಬೇಕು. ಕೂಡಿಸಿದ ಜಾಗದಲ್ಲಿ ನೀರು ಸ್ವಲ್ಪ ತಪ್ಪಿ ಟಪ್ ಟಪ್ ಅಂತ ಬೀಳುತ್ತದೆ. ರಾತ್ರಿ ಮಲಗುವಾಗ ಆ ಸದ್ದು ಕೇಳಿದರೆ ನೀರು ಉಂಟು ಅಂತ ಧೈರ್ಯ, ನಿಂತಿತು ಅಂದರೆ ಅಜ್ಜಿ ಎದ್ದು ಟಾರ್ಚ್ ಹಿಡಿದು ಹೊರಗೆ. ಎಲ್ಲಿಯೋ ಒಂದು ದಂಬೆಯನ್ನು ಹಂದಿ ನೂಕಿರುತ್ತಿತ್ತು. ಈಗ ಕಪ್ಪು ಪೈಪು ಬಂದಿದೆ, ಚೆಲ್ಲುವುದಿಲ್ಲ, ಒಳ್ಳೆಯದೇ. ಆದರೆ ನಿಂತರೆ ಗೊತ್ತೇ ಆಗುವುದಿಲ್ಲ.

ಹಾಳೆಮುಟ್ಟಾಳೆ

ಅಕ್ಕ, ನಮ್ಮ ಮನೆಯ ಸದ್ದೂ ಹಾಗೇ ಇತ್ತು, ಟಪ್ ಟಪ್.

ಮಂಜೇಶ್ವರ ಪ್ಯಾಸೆಂಜರ್

ಕಾಲುವೆಯೂ ಮ್ಯೂಸಿಯಮೂ ಒಂದೇ ದಿನದಲ್ಲಿ ನೋಡಬೇಕು ಅಂದರೆ ನೆದರ್‌ಲ್ಯಾಂಡ್ಸಿಗೆ ಹೋಗಬೇಕಿಲ್ಲ, ಲೋಕಲ್ ರೈಲು ಹತ್ತಿ ಪಳಯಂಗಾಡಿಯಲ್ಲಿ ಇಳಿಯಿರಿ. ಅಲ್ಲಿ ಸುಲ್ತಾನ್ ತೋಡು ಉಂಟು. 1766ರಲ್ಲಿ, ಹೈದರಾಲಿಯ ದಂಡು ಮಲಬಾರಿಗೆ ಇಳಿದ ಹೊತ್ತಿಗೆ, ಅರಕ್ಕಲ್ ಆಲಿ ರಾಜ ತೋಡಿಸಿದ್ದು. ಪೆರುಂಬ ಹೊಳೆಯನ್ನೂ ಪಳಯಂಗಾಡಿ ಹೊಳೆಯನ್ನೂ ಕೂಡಿಸುತ್ತದೆ, ಉದ್ದ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮಧ್ಯೆ ಏಳಿಮಲೆ ಸಮುದ್ರಕ್ಕೆ ಮೂಗು ಚಾಚಿ ನಿಂತಿದೆಯಲ್ಲ, ಮಳೆಗಾಲದಲ್ಲಿ ದೋಣಿಗಳು ಅದನ್ನು ಸುತ್ತಿ ಬರುವುದು ಪ್ರಾಣಾಪಾಯ. ತೋಡು ಇದ್ದರೆ ಒಳಗಿನಿಂದಲೇ ದಾಟಬಹುದು. ಮತ್ತೆ ಅದೇ ರೈಲಿನಲ್ಲಿ ಮುಂದೆ ಕಣ್ಣೂರಿಗೆ ಹೋದರೆ ಅರಕ್ಕಲ್ ಅರಮನೆಯ ದರ್ಬಾರು ಭಾಗವೇ ಮ್ಯೂಸಿಯಂ. ಮಲಬಾರಿನ ಏಕೈಕ ಮುಸ್ಲಿಂ ರಾಜಮನೆತನ, ಹೆಂಗಸರೂ ಪಟ್ಟಕ್ಕೆ ಬರುತ್ತಿದ್ದ ಮನೆ. ಅವರನ್ನು ಬೀವಿ ಅನ್ನುತ್ತಿದ್ದರು.

ನಮ್ಮೂರಲ್ಲಿಯೂ ಇಲ್ಲ ಅಂತಲ್ಲ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಉಂಟು, ‘ಗಿಳಿವಿಂಡು’ ಅಂತ ಅವರ ಮೊದಲ ಕವನ ಸಂಕಲನದ ಹೆಸರನ್ನೇ ಇಟ್ಟಿದ್ದಾರೆ. 1949ರಲ್ಲಿ ಮದ್ರಾಸು ಸರಕಾರ ರಾಷ್ಟ್ರಕವಿ ಅಂತ ಬಿರುದು ಕೊಟ್ಟದ್ದು ಇದೇ ಮನೆಯವರಿಗೆ. ಗಡಿಯ ಎರಡೂ ಬದಿಯ ಸರಕಾರಗಳು ಅದಕ್ಕೆ ಕೈಹಾಕಿದವು. ಮನೆ ಇದ್ದ ಜಾಗದಲ್ಲೇ ಉಳಿಯಿತು, ಅದು ದೊಡ್ಡದು.

ಮಣಿಪಾಲದ ಹಸ್ತಶಿಲ್ಪ ಗ್ರಾಮ ನೋಡಿದ್ದೀರಲ್ಲ? ವಿಜಯನಾಥ ಶೆಣೈ ಅವರು ಬೇರೆ ಬೇರೆ ಕಡೆ ಕೆಡವಲು ಹೊರಟ ಮನೆಗಳನ್ನು ಒಂದೊಂದೇ ಕಂಬ, ತೊಲೆ ನಂಬರ್ ಹಾಕಿ ಬಿಚ್ಚಿ ತಂದು ಮತ್ತೆ ಕಟ್ಟಿದ್ದು. ಅದ್ಭುತ ಕೆಲಸ. ಆದರೆ ಸುರಂಗವನ್ನು ಬಿಚ್ಚಿ ತರುವುದು ಹೇಗೆ? ಖಾಲಿ ಜಾಗಕ್ಕೆ ನಂಬರ್ ಹಾಕಲಿಕ್ಕಾಗ್ತದಾ?

ಗಡಿನಾಡ ಹುಡುಗ

ಖಾಲಿ ಜಾಗಕ್ಕೆ ನಂಬರ್ 😀 ಸೂಪರ್ ಸರ್.

ನಾನು ಹೇಳುವುದು, ವಿಡಿಯೋ ಮಾಡಿದರೆ ಸಾಕಲ್ಲ? ಒಳಗೆ ಕ್ಯಾಮರಾ ಕಳಿಸಿ, 360 ಡಿಗ್ರಿ, ತಲೆಗೆ ಆ ಡಬ್ಬಿ ಹಾಕಿಕೊಂಡು ನೋಡುವುದು. ಯಾರ ನೀರೂ ಕದಡುವುದಿಲ್ಲ.

ಮುರಕಲ್ಲು

ಆಗಲಿ. ಅದಕ್ಕೆ ನನ್ನದು ಒಪ್ಪಿಗೆ. ಕ್ಯಾಮರಾಕ್ಕೆ ಚಪ್ಪಲಿ ಇಲ್ಲವಲ್ಲ.

ಹಾಳೆಮುಟ್ಟಾಳೆ

ಮಾಡಿದರೂ ಬೋರ್ಡು ಯಾವ ಭಾಷೆಯಲ್ಲಿ? ಈಗಲೇ ತೀರ್ಮಾನ ಆಗಲಿ, ಇಲ್ಲದಿದ್ದರೆ ಉದ್ಘಾಟನೆಯ ದಿನ ಗಲಾಟೆ. ಬೋರ್ಡಿನಲ್ಲಿ ಮಲಯಾಳಂನಲ್ಲಿ ‘ತುರಂಕಂ’ ಅಂತ ಮಾತ್ರ ಇದ್ದರೆ ನಾನೇ ಮೊದಲು ಧರಣಿ ಕೂರುವವನು.

ಕುಂಬಳೆ ಸೀಮೆ

ಕೂರು, ಆದರೆ ಒಂದು ನೆನಪಿರಲಿ. ಸುರಂಗ ತೋಡಿದವರಲ್ಲಿ ಮಲಯಾಳಂ ಮಾತಾಡುವವರೂ ಇದ್ದರು, ತುಳುವಿನವರೂ, ಮರಾಟಿ ನಾಯ್ಕರೂ ಇದ್ದರು. ತೋಡಿಸಿದವರ ಮನೆಯಲ್ಲಿ ಹವ್ಯಕ ಕನ್ನಡ. ಒಳಗೆ ಕತ್ತಲೆಯಲ್ಲಿ ಎಲ್ಲರೂ ಆಡಿದ್ದು ತುಳು. ಕನ್ನಡ ಮೊದಲು ಇರಲಿ, ಮೂರೂ ಇರಲಿ.

ತೋಡಿನಾಚೆ

ನಾಯ್ಕರು ಅಂದ ಕೂಡಲೇ ನೆನಪಾಯ್ತು, ಗಡಿ ದಾಟಿದರೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಇದ್ದಾರಲ್ಲ. ಕೂಲಿ ಮಾಡುತ್ತಿದ್ದವರು, ಬೋಳು ಗುಡ್ಡೆಯ ತುಂಡು ಸಿಕ್ಕಿತು, ನೀರಿಲ್ಲ. ಹಗಲು ಕೂಲಿ, ಉಳಿದ ಹೊತ್ತು ಒಬ್ಬರೇ ಸುರಂಗ. ಒಂದು ಸೋತಿತು, ಇನ್ನೊಂದು ಸೋತಿತು, ಮತ್ತೊಂದು, ಹೀಗೆ ವರ್ಷಗಟ್ಟಲೆ ಸೋತು ಕೊನೆಗೆ ನೀರು ಸಿಕ್ಕಿತು. 2022ರಲ್ಲಿ ಪದ್ಮಶ್ರೀ ಬಂತು. ನೆಟ್ಟಣಿಗೆಯ ಸತ್ಯನಾರಾಯಣ ಬೇಲೇರಿಯವರಿಗೆ 2024ರಲ್ಲಿ ಬಂತು. 650ಕ್ಕಿಂತ ಹೆಚ್ಚು ಭತ್ತದ ತಳಿ ಕಾಪಾಡಿದ್ದಾರೆ, ಅದರಲ್ಲಿ ಎಷ್ಟೋ ಕವರಿನಲ್ಲಿ ಬೆಳೆಸಿದ್ದು. ನನ್ನ ಲೆಕ್ಕದಲ್ಲಿ ಅವರಿಬ್ಬರ ಜಾಗಗಳೇ ಮ್ಯೂಸಿಯಂ. ಟಿಕೆಟು ಇಲ್ಲ, ಬೋರ್ಡು ಇಲ್ಲ.

ಮತ್ತೆ ಒಂದು ವಿಷಯ. ಸುರಂಗ ಮನೆಗೊಂದು, ಅದಕ್ಕೇ ಬೇರೆಯವರು ಬಂದರೆ ಕಷ್ಟ. ಕಟ್ಟ ಹಾಗಲ್ಲ, ಅದು ಊರಿನದ್ದು. ಏತಡ್ಕದ ಕಡೆ ತೋಡಿಗೆ, ಅಂದರೆ ಹಳ್ಳಕ್ಕೆ, ಒಂದರ ಕೆಳಗೆ ಒಂದು ಕಟ್ಟ ಹಾಕುತ್ತಾರೆ. ಮಳೆನೀರಿನ ರಭಸ ಇಳಿದ ಮೇಲೆ, ಡಿಸೆಂಬರಿನ ಹೊತ್ತಿಗೆ, ಕಲ್ಲು, ಮಣ್ಣು, ಸೊಪ್ಪು ಹಾಕಿ ತುಳಿದು ಕಟ್ಟುವುದು, ಮಳೆಗಾಲ ಬರುವಾಗ ಬಿಡಿಸುವುದು. ಕಟ್ಟ ನಿಂತ ಮೇಲೆ ಆಚೀಚೆ ಬಾವಿಗಳಲ್ಲಿ ನೀರು ಏರುವುದನ್ನು ಹಗ್ಗದ ಗಂಟು ನೋಡಿ ಹೇಳಬಹುದು. ಹೊರಗಿನವರಿಗೆ ತೋರಿಸಬೇಕಾದರೆ ಆ ದಿನ ಕರೆಯಿರಿ. ನೋಡಲು ಬಂದವರೂ ನಾಲ್ಕು ಬುಟ್ಟಿ ಮಣ್ಣು ಹೊರಲಿ, ಬೆಲ್ಲ-ನೀರು ನಾವು ಕೊಡೋಣ.

ಮಂಜೇಶ್ವರ ಪ್ಯಾಸೆಂಜರ್

ಅಕ್ಕನ ಮಾತಿಗೆ ನೂರಕ್ಕೆ ನೂರು. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯವೇ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಏಪ್ರಿಲಿನಲ್ಲಿ ಟ್ಯಾಂಕರಿನ ಹಿಂದೆ ಕೊಡಪಾನ ಹಿಡಿದು ನಿಂತಾಗ ಆ ಪಾಠ ನೆನಪಾಗ್ತದೆ.

ಮುರಕಲ್ಲು

ಬೋರ್‌ವೆಲ್ ವಿಷಯ ಯಾರೂ ಎತ್ತಲಿಲ್ಲ. ಮಾಷ್ಟ್ರೇ, ನಿಮ್ಮ ಎರಡು ಸುರಂಗ ಬತ್ತಿದ್ದು ಯಾವಾಗ?

ಬೈಲಕರೆ

ನಾನೇ ಬೋರ್ ಹಾಕಿಸಿದ ಮೇಲೆ. ಎರಡು ಬೇಸಗೆ ಕಳೆಯುವುದರೊಳಗೆ ಒಂದು, ಅದರ ಮರುವರ್ಷ ಇನ್ನೊಂದು. ಮೇಲೆ ಗುಡ್ಡೆಯನ್ನು ಸಮ ಮಾಡಿ ರಬ್ಬರ್ ಹಾಕಿದ್ದೂ ಸೇರಿರಬಹುದು. ಕೇಳಿದ್ದಕ್ಕೆ ಹೇಳಿದೆ.

ಮುರಕಲ್ಲು

ಅದನ್ನೂ ಬೋರ್ಡಿನಲ್ಲಿ ಬರೆಯುವಿರಾದರೆ ಮ್ಯೂಸಿಯಂಗೆ ನನ್ನ ಕೆರೆಯ ಹಳೆ ದಂಬೆ ಕೊಡ್ತೇನೆ. ಕೊನೆಯದ್ದು ಒಂದು ಉಳಿದಿದೆ, ಕೋಳಿಗೆ ನೀರಿಡುತ್ತಿದ್ದೇವೆ.

ಬೈಲಕರೆ

ಬರೆಯೋಣ. ಬ್ಯೂಲಾಕೆಯ ಕಥೆಯನ್ನೂ ಅವರು ಮುಚ್ಚಿಟ್ಟಿಲ್ಲವಲ್ಲ. ತಾವೇ ಅಗೆದು ತಾವೇ ಮುಳುಗಿದ್ದು ಅಂತ ಸ್ಪಷ್ಟವಾಗಿಯೇ ಹೇಳ್ತಾರೆ.

ನಿನ್ನೆ ಅಟ್ಟಕ್ಕೆ ಹತ್ತಿದೆ. ಹೆಂಡತಿ ಬೈದಳು, ಈ ಪ್ರಾಯದಲ್ಲಿ ಏಣಿ ಯಾಕೆ ಅಂತ. ಪಿಕ್ಕಾಸು ಸಿಕ್ಕಿತು. ಕಬ್ಬಿಣ ಗಟ್ಟಿಯಾಗಿದೆ, ಒಂದು ಮೊನೆ ಸವೆದು ಹೆಬ್ಬೆರಳಿನಷ್ಟಾಗಿದೆ, ಇನ್ನೊಂದು ಸರಿ ಉಂಟು. ಕಾವು ಮಾತ್ರ ಪೂರ್ತಿ ಒರಲೆ ತಿಂದು ಮುಟ್ಟಿದರೆ ಹುಡಿ. ಹೊಸ ಕಾವು ಹಾಕಿಸೋಣ ಅಂತ ಪೇಟೆಯಿಂದ ಒಂದು ತಂದೆ, ಮೂರಡಿಯದ್ದು. ಅದನ್ನು ಹಿಡಿದು ಉಳಿದ ಸುರಂಗದ ಬಾಯಲ್ಲಿ ನಿಂತು ಬೀಸಲು ನೋಡಿದರೆ ಹಿಂದೆ ಗೋಡೆಗೆ ತಾಗಿತು. ಗಿಡ್ಡ ಇತ್ತು ಅಂತ ನೆನಪುಂಟು, ಎಷ್ಟು ಗಿಡ್ಡ ಅಂತ ಅಪ್ಪನನ್ನು ಕೇಳಿರಲಿಲ್ಲ. ಯಾರಿಗಾದರೂ ಅಳತೆ ಗೊತ್ತುಂಟಾ?

ಕುಂಬಳೆ ಸೀಮೆ

ಒಂದೂವರೆ ಅಡಿ ಇರಬಹುದು. ಅಂದಾಜು. ತೋಡಿದವರನ್ನೇ ಕೇಳಬೇಕು.

ಗಡಿನಾಡ ಹುಡುಗ

ಯೂಟ್ಯೂಬಿನಲ್ಲಿ ಹುಡುಕಿದೆ, ಅಳತೆ ಯಾರೂ ಹೇಳಿಲ್ಲ.

ಮುರಕಲ್ಲು

ನಮ್ಮ ಸುರಂಗ ತೋಡಿದವರು ಈಗಲೂ ಇದ್ದಾರೆ, ತೋಡಿನ ಆಚೆ ಮಗನ ಮನೆಯಲ್ಲಿ. ಕಣ್ಣು ಮಂದ, ಕಿವಿ ಚುರುಕು. ಇವತ್ತು ಸಂಜೆ ಹೋಗಿ ಕೇಳಿದೆ. ಅಡಿ, ಇಂಚು ಅಂತ ಹೇಳಲಿಲ್ಲ. ಜಗಲಿಯಿಂದ ಇಳಿದು ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತರು. ಮೊಣಕೈಯನ್ನು ಗೋಡೆಗೆ ತಾಗಿಸಿ ಮುಷ್ಟಿ ಮುಂದೆ ಚಾಚಿ, “ಇಲ್ಲಿಂದ ಇಲ್ಲಿಗೆ, ಮೇಲೆ ನಾಲ್ಕು ಬೆರಳು” ಅಂದರು. ಬಾಳೆನಾರಿನಲ್ಲಿ ಅಳೆದು ಗಂಟು ಹಾಕಿ ತಂದಿದ್ದೇನೆ. ಆದರೆ ಅದು ನಿಮಗೆ ಆಗದಂತೆ. ತೋಡುವವನ ಕೈಯ ಅಳತೆಗೇ ಕಾವು, ಒಬ್ಬನದ್ದು ಇನ್ನೊಬ್ಬನಿಗೆ ಕೂರುವುದಿಲ್ಲ ಅಂದರು. ನಿಮ್ಮಪ್ಪ ತೋಡಿಸಿದ್ದಲ್ಲವಾ, ಯಾರಿಂದ ಅಂತಲೂ ಕೇಳಿದರು. ಹೆಸರು ಗೊತ್ತಿದ್ದರೆ ಅವರ ಕೈ ಎಷ್ಟುದ್ದ ಇತ್ತು ಅಂತ ಹೇಳುತ್ತಾರಂತೆ.

ಬೈಲಕರೆ

ಹೆಸರು ನನ್ನವಳಿಗೆ ನೆನಪುಂಟು, ಊಟ ಬಡಿಸಿದವಳು ಅವಳೇ. ನಾಳೆ ಇಬ್ಬರೂ ಬರುತ್ತೇವೆ, ಪಿಕ್ಕಾಸು ತರುತ್ತೇನೆ. ಚಪ್ಪಲಿ ಗೇಟಿನ ಹತ್ತಿರವೇ ಬಿಡ್ತೇವೆ.

ಮುರಕಲ್ಲು

ಬನ್ನಿ. ಕಾಲು ತೊಳೆಯಲು ಕೆರೆಯ ಕಟ್ಟೆಯಲ್ಲಿ ಚೊಂಬು ಇಟ್ಟಿರ್ತೇನೆ. ಕೆರೆಗೆ ಇಳಿಯಬೇಡಿ.